ತೂಕದ ದಿನ ಸ್ವೆಟರ್ ಜೇಬಲ್ಲಿ ಸಿಕ್ಕ ಕಲ್ಲು

ಕೊಡಗಿನ ಸಿದ್ದಾಪುರದ ಕಡೆ, ಕಾಫಿ ತೋಟಗಳ ನಡುವಿನ ಒಂದು ಅಂಗನವಾಡಿಯಲ್ಲಿ 11 ವರ್ಷದಿಂದ ಟೀಚರ್ ಆಗಿದ್ದೇನೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ ಭಾಷೆ ಆಡುವ ಮಕ್ಕಳೆಲ್ಲ ಇಲ್ಲಿ ಒಂದೇ ಚಾಪೆ ಮೇಲೆ ಕೂರುತ್ತಾರೆ. ತಿಂಗಳಿಗೊಮ್ಮೆ ಎಲ್ಲರ ತೂಕ, ಎತ್ತರ ನೋಡಿ ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಮೊಬೈಲ್ ಆ್ಯಪ್‌ಗೆ ಹಾಕಬೇಕು.

ಕಳೆದ ಮಳೆಗಾಲದ ಮಾತು. ತೂಕಕ್ಕೆ ನಿಲ್ಲಿಸುವ ಮೊದಲು ಸ್ವೆಟರ್, ಚಪ್ಪಲಿ ಬಿಚ್ಚಿಸುತ್ತೇವೆ. ತೋಟದ ಕೆಲಸದವರ ಸಾಲುಮನೆಯಿಂದ (ಲೈನ್ ಮನೆ) ಬರುವ 5 ವರ್ಷದ ಹುಡುಗಿಯೊಬ್ಬಳು ಸ್ವೆಟರ್ ಬಿಚ್ಚಲು ಒಪ್ಪಲೇ ಇಲ್ಲ. ಚಳಿಯೇನೋ ಅಂದುಕೊಂಡೆ. ಹತ್ತಿರ ಎಳೆದುಕೊಂಡರೆ ಜೇಬು ಜೋತುಬಿದ್ದಿತ್ತು. ಕೈ ಹಾಕಿದರೆ ಕಲ್ಲು. ತೋಟದ ದಾರಿಯಲ್ಲಿ ಆರಿಸಿಕೊಂಡು ಎರಡೂ ಜೇಬಿಗೆ ತುಂಬಿಕೊಂಡಿದ್ದಳು. “ನಾನು ಹಳದಿ ಆಗಲ್ಲ ಟೀಚರ್” ಅಂತ ಬಿಕ್ಕಿ ಬಿಕ್ಕಿ ಅತ್ತಳು.

ಬೆಳವಣಿಗೆ ಚಾರ್ಟಿನಲ್ಲಿ ಬಣ್ಣದ ಪಟ್ಟಿಗಳಿವೆ: ಹಸಿರು ಅಂದರೆ ತೂಕ ಸರಿಯಿದೆ, ಹಳದಿ ಅಂದರೆ ಕಡಿಮೆ. ನಾನು ತೂಕ ನೋಡಿ “ಇವನು ಹಸಿರು, ಇವಳು ಹಳದಿ” ಅಂತ ಕೂಗಿ ಹೇಳುತ್ತಿದ್ದೆ, ಸಹಾಯಕಿ ಬರೆದುಕೊಳ್ಳುತ್ತಿದ್ದರು. ಇಷ್ಟು ಚಿಕ್ಕವರಿಗೆ ಏನು ಗೊತ್ತಾಗುತ್ತದೆ ಅನ್ನೋದು ನನ್ನ ಲೆಕ್ಕ. ಆ ಬಣ್ಣ ನಮಗಿರುವ ಸೂಚನೆ: ಊಟ ಸಾಲುತ್ತಿಲ್ಲವೇ, ಜ್ವರ ಬಂದು ಹೋಗಿದೆಯೇ, ಮನೆಗೆ ಹೋಗಿ ನೋಡು ಅಂತ. ಅದನ್ನು ಮಗುವಿನ ಹಣೆಗೆ ಹಚ್ಚಿದವಳು ನಾನೇ.

ಇನ್ನೊಂದೂ ಅವತ್ತೇ ಹೊಳೆಯಿತು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಅಳತೆಯಂತೆ 5 ತುಂಬಿದ ಹೆಣ್ಣುಮಗುವಿನ ನಡುವಿನ ತೂಕ 18.2 ಕೆ.ಜಿ., 13.7ಕ್ಕಿಂತ ಇಳಿದರೆ ಕಡಿಮೆ ತೂಕ. ಕಲ್ಲಿನ ಸಮೇತ ಬರೆದುಕೊಂಡಿದ್ದರೆ ಅವಳ ಕೊರತೆ ನಮಗೆ ಕಾಣುತ್ತಲೇ ಇರಲಿಲ್ಲ.

ಈಗ ಬೀರುವಿನ ಮರೆಯಲ್ಲಿ ಒಬ್ಬೊಬ್ಬರನ್ನೇ ಕರೆದು ನೋಡುತ್ತೇನೆ. ಆ ಹೊತ್ತಿಗೆ ಸಹಾಯಕಿ ಉಳಿದವರಿಗೆ ಕಥೆ ಹೇಳುತ್ತಾರೆ. ಅಂಕಿ ನಾನೇ ಬರೆದುಕೊಳ್ಳುತ್ತೇನೆ. ಸಂಜೆ ತೋಟದ ಕೆಲಸ ಮುಗಿಸಿ ಬರುವ ಅಮ್ಮಂದಿರಿಗೆ ಮಾತ್ರ, ಮಗು ದೂರವಿದ್ದಾಗ ಹೇಳುತ್ತೇನೆ.

ಸಹಾಯಕಿಯನ್ನು ಒಪ್ಪಿಸುವುದು ಸುಲಭವಿರಲಿಲ್ಲ. ತುಂಬಿದ ಮೈಯ ಹುಡುಗನೊಬ್ಬನನ್ನು ನಾವಿಬ್ಬರೂ “ಗುಂಡಾ” ಅಂತಲೇ ಕರೆಯುತ್ತಿದ್ದೆವು. “ಪ್ರೀತಿಯಿಂದ ಅಲ್ವಾ ಟೀಚರ್?” ಅಂದರು. ಮೊಟ್ಟೆ ಕೊಡುವ ದಿನ ಅವನು ತನ್ನದನ್ನು ಪಕ್ಕದವನಿಗೆ ತಳ್ಳಿ “ನಾನು ಗುಂಡ, ನಂಗೆ ಬೇಡ” ಅಂದದ್ದನ್ನು ಅವರೇ ಕಂಡರು. ಆಮೇಲೆ ಹೆಸರು ಹಿಡಿದೇ ಕರೆಯುತ್ತಾರೆ.

ಮೈಬಣ್ಣದ ವಿಷಯದಲ್ಲಿ ನಾನು ಹೆಚ್ಚು ತಪ್ಪಿದ್ದೇನೆ. “ನಾನು ಕಪ್ಪಾ?” ಅಂತ ಮಗು ಕೇಳಿದರೆ “ಇಲ್ಲ ಪುಟ್ಟಾ, ನೀನು ಕಪ್ಪಿಲ್ಲ” ಅನ್ನುತ್ತಿದ್ದೆ. ಸಮಾಧಾನ ಅಂದುಕೊಂಡಿದ್ದೆ, ಆದರೆ ಅದು ಕಪ್ಪು ಕೆಟ್ಟದ್ದು ಅಂತ ಹೇಳಿಕೊಟ್ಟ ಹಾಗೆ. ಈಗ “ಹೌದು, ನಿಂದು ಕಪ್ಪು ಬಣ್ಣ. ಚರ್ಮದೊಳಗೆ ಮೆಲನಿನ್ ಅಂತ ಒಂದಿದೆ, ನಿನ್ನಲ್ಲಿ ಜಾಸ್ತಿ ಇದೆ. ಬಿಸಿಲಿಂದ ಕಾಪಾಡುತ್ತೆ” ಅನ್ನುತ್ತೇನೆ. ಮಕ್ಕಳಿಗೆ ಅಷ್ಟು ಸಾಕು, ಆಟಕ್ಕೆ ಓಡುತ್ತಾರೆ. ಇನ್ನೂ ಕೇಳುತ್ತಾ ನಿಲ್ಲುವವರು ದೊಡ್ಡವರೇ.

ಮಳೆಗಾಲದಲ್ಲಿ ಬಂದ ಕೂಡಲೇ ಎಲ್ಲರೂ ಕಾಲು ಚಾಚಿ ಜಿಗಣೆ ಹುಡುಕುವ ಹೊತ್ತೊಂದಿದೆ. ಆಗ ಯಾವ ಕಾಲು ಹೇಗಿದೆ ಅಂತ ಯಾರೂ ನೋಡುವುದಿಲ್ಲ. “ಈ ಕಾಲು ಇವತ್ತು ಏನೇನು ದಾಟಿತು?” ಅಂತ ಕೇಳುತ್ತೇನೆ. ತೋಡು, ಬೇಲಿ, ಕೆಸರು ಅಂತ ಪೈಪೋಟಿ ಮೇಲೆ ಹೇಳುತ್ತಾರೆ.

ಆ ಹುಡುಗಿಯ ತೂಕ ನಿಧಾನವಾಗಿ ಏರುತ್ತಿದೆ. ತೂಕದ ದಿನ ಸ್ವೆಟರ್ ತಾನೇ ಬಿಚ್ಚಿ ನನ್ನ ಕೈಗೆ ಕೊಡುತ್ತಾಳೆ. ಜೂನ್‌ನಲ್ಲಿ ಒಂದನೇ ತರಗತಿಗೆ ಹೋಗುತ್ತಾಳೆ. ಅಲ್ಲೂ ತೂಕ, ಎತ್ತರ ನೋಡುತ್ತಾರೆ. ಅಂಕಿ ಕೂಗಿ ಹೇಳಬೇಡಿ ಅಂತ ಅಲ್ಲಿನ ಟೀಚರ್ ಹತ್ತಿರ ಹೋದ ವಾರ ಮಾತಾಡಿ ಬಂದೆ.