ಪಂಚಾಂಗ ನೋಡಿ ಬ್ರೆಜಿಲ್ ಕಡಲಿಗೆ

ಕಾಫಿ ದರ ಏರಿದರೂ ಇಳಿದರೂ ಕೊಡಗಿನಲ್ಲಿ ಬ್ರೆಜಿಲ್ ಹೆಸರು ಬಂದೇ ಬರುತ್ತದೆ. ಆ ದೇಶಕ್ಕೆ ಸುಮಾರು 7,400 ಕಿಲೋಮೀಟರ್ ಕರಾವಳಿ ಇದೆ ಎಂಬುದು ಮಾತ್ರ ಮಾತಿಗೆ ಬರುವುದು ಅಪರೂಪ. ಅಲ್ಲಿಗೆ ಹೊರಡುವವರು ಮೊದಲು ಕೇಳುವುದು ‘ಯಾವ ಬೀಚ್ ಚೆನ್ನ?’ ಎಂದು. ಕೇಳಬೇಕಾದ್ದು ‘ಯಾವ ತಿಂಗಳು, ಯಾವ ತಿಥಿ?’ ಎಂದು. ಈ ವಾರ ಗಾಜಿನಷ್ಟು ತಿಳಿಯಾಗಿರುವ ತೀರವೇ ಮುಂದಿನ ವಾರ ಬಗ್ಗಡವಾಗಿ ಕಾಣಬಹುದು.

ಇಲ್ಲಿ ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆ ಹೊಯ್ಯುವಾಗ ಹೋಗಬೇಕಾದ ಜಾಗ ಮರನ್ಯಾವ್ ರಾಜ್ಯದ ಲೆನ್ಸೋಯಿಸ್ ಮರನ್ಯೆನ್ಸಿಸ್. 1981ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2024ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ವಿಸ್ತೀರ್ಣ ಸುಮಾರು 1,550 ಚದರ ಕಿಲೋಮೀಟರ್, ಅಂದರೆ ನಮ್ಮ ಜಿಲ್ಲೆಯ ಮೂರನೇ ಒಂದು ಪಾಲಿಗಿಂತ ದೊಡ್ಡದು. ಅದರ ಬಹುಪಾಲು ಬಿಳಿ ಮರಳಗುಡ್ಡೆಗಳು. ವರ್ಷದ ಮೊದಲ ಐದಾರು ತಿಂಗಳು ಸುರಿದ ಮಳೆಗೆ ಅಂತರ್ಜಲ ಮೇಲೇರಿ ಗುಡ್ಡೆಗಳ ನಡುವಿನ ತಗ್ಗುಗಳೆಲ್ಲ ಸಿಹಿನೀರಿನ ಕೊಳಗಳಾಗುತ್ತವೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಅವು ತುಂಬಿರುತ್ತವೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೋಳ್ದ್ ಹಬ್ಬ ಮುಗಿಸಿಕೊಂಡು ಹೊರಟರೂ ಅಡ್ಡಿಯಿಲ್ಲ, ಆದರೆ ನವೆಂಬರ್‌ನಲ್ಲಿ ಹೋದವರಿಗೆ ಸಿಗುವುದು ಬಹುತೇಕ ಒಣ ಮರಳು ಮಾತ್ರ. ಚಿತ್ರದಲ್ಲಿ ನೋಡಿದ ನೀಲಿ ಕೊಳ ಕಾಣಲಿಲ್ಲ ಎಂಬ ಬೇಸರಕ್ಕೆ ಕಾರಣ ಇಷ್ಟೇ.

ಸಾವ್ ಲೂಯಿಸ್‌ವರೆಗೆ ವಿಮಾನ, ಅಲ್ಲಿಂದ ಬರೇರಿನ್ಯಾಸ್‌ಗೆ ರಸ್ತೆಯಲ್ಲಿ ನಾಲ್ಕು ಗಂಟೆಗೂ ಮೇಲೆ, ಮುಂದೆ ಫೋರ್ ವೀಲ್ ಜೀಪು. ಮಧ್ಯಾಹ್ನ ಹೊರಟು ಸೂರ್ಯಾಸ್ತ ನೋಡಿ ಮರಳುವ ಜೀಪನ್ನೇ ಹಿಡಿಯಿರಿ. ಮರಳಿನ ಮೇಲೆ ಒಂದು ಮರದ ನೆರಳೂ ಇಲ್ಲ, ಆದ್ದರಿಂದ ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ಬೇಕು. ಫೋನ್ ಜಿಪ್ ಕವರಿನಲ್ಲಿರಲಿ, ನುಣ್ಣನೆಯ ಮರಳು ಚಾರ್ಜಿಂಗ್ ತೂತಿಗೆ ಹೊಕ್ಕರೆ ತೆಗೆಯುವುದು ಕಷ್ಟ. ಕೊಳದ ಆಳ ಒಂದೇ ಸಮ ಇರುವುದಿಲ್ಲ. ಗುಡ್ಡೆಯ ಕಡಿದಾದ ಬದಿಯಿಂದ ಜಾರಿ ನೀರಿಗೆ ಬೀಳುವ ಮೊದಲು ಎದುರು ಬದಿಯಿಂದ ನಿಧಾನವಾಗಿ ಇಳಿದು ನೋಡಿಕೊಳ್ಳಿ.

ಪಂಚಾಂಗ ಕೆಲಸಕ್ಕೆ ಬರುವುದು ಪೆರ್ನಂಬುಕೊ ರಾಜ್ಯದ ಪೋರ್ಟೊ ದೆ ಗಲಿನ್ಯಾಸ್‌ನಲ್ಲಿ. ರೆಸಿಫೆ ನಗರದಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್. ದಡದ ಹತ್ತಿರವೇ ಹವಳದ ಬಂಡೆಗಳಿವೆ. ಉಬ್ಬರದಲ್ಲಿ ಅವು ಮುಳುಗಿರುತ್ತವೆ. ಇಳಿತದಲ್ಲಿ ಕಂದು ಬೆನ್ನು ಮೇಲೆತ್ತಿ ನಡುವೆ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಣಕಾಲಿನಿಂದ ಎದೆಮಟ್ಟದ ಆ ನೀರಿನಲ್ಲಿ ಹಳದಿ ಕಪ್ಪು ಪಟ್ಟೆಯ ಮೀನುಗಳು ಕಾಲಿನ ಸುತ್ತಲೇ ತಿರುಗುತ್ತವೆ.

ಲೆಕ್ಕ ಸುಲಭ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ಮರುದಿನ, ಅದರ ಮರುದಿನ ನೀರು ಅತಿ ಹೆಚ್ಚು ಇಳಿಯುತ್ತದೆ. ಆ ಕರಾವಳಿಯಲ್ಲಿ ಆಗ ಇಳಿತದ ಹೊತ್ತು ಬೆಳಿಗ್ಗೆ 10ರಿಂದ 11ರ ಆಸುಪಾಸು, ಬಿಸಿಲು ಚೆನ್ನಾಗಿ ನೀರಿನೊಳಗೆ ಇಳಿಯುವ ವೇಳೆ. ದಿನಕ್ಕೆ ಸುಮಾರು 50 ನಿಮಿಷ ಅದು ಮುಂದಕ್ಕೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಇಳಿತ ನಸುಕಿಗೂ ಸಂಜೆಗೂ ಸರಿದಿರುತ್ತದೆ, ನೀರು ಇಳಿಯುವುದೂ ಕಡಿಮೆ. ಹಾಗಾಗಿ ಅಷ್ಟಮಿಗೆ ರೂಮು ಬುಕ್ ಮಾಡಿದರೆ ಕೊಳ ಸರಿಯಾಗಿ ಸಿಗುವುದಿಲ್ಲ. ಖಚಿತ ಹೊತ್ತಿಗೆ ಅಲ್ಲಿನ ಉಬ್ಬರವಿಳಿತದ ಪಟ್ಟಿ ನೋಡಿ, 0.5 ಮೀಟರಿಗಿಂತ ಕಡಿಮೆ ಇರುವ ದಿನ ಆರಿಸಿ. ಹೋಟೆಲಿನವರನ್ನು ಕೇಳುವುದಾದರೆ ‘ಮಾರೆ ಬೈಶಾ’ ಎಂದರೆ ಸಾಕು, ಇಳಿತ ಎಂದರ್ಥ. ಒಂದು ಗಂಟೆ ಮೊದಲೇ ದಡದಲ್ಲಿರಿ, ನೀರು ತಿರುಗಿದ ಕೂಡಲೇ ಹೊರಡಿ.

ಬಂಡೆಗೆ ಕರೆದೊಯ್ಯುವ ಹಾಯಿ ತೆಪ್ಪಕ್ಕೆ ಅಲ್ಲಿ ಜಂಗಾಡ ಎನ್ನುತ್ತಾರೆ. ಪೋರ್ಚುಗೀಸರು ಮಲಯಾಳದ ‘ಚಂಗಾಡಂ’ ಪದವನ್ನೇ ಹೊತ್ತೊಯ್ದದ್ದು. ಕೇರಳದ ಗಡಿಗೆ ಹತ್ತಿರದ ವಿರಾಜಪೇಟೆ ಕಡೆಯವರಿಗೆ ಅರ್ಥ ಹೇಳಬೇಕಾಗಿಲ್ಲ! ಹವಳದ ಮೇಲೆ ಕಾಲಿಡಬೇಡಿ, ಅದು ಜೀವ ಇರುವಂಥದ್ದು. ಸಂದಿಗಳಲ್ಲಿ ಕಪ್ಪು ಮುಳ್ಳಿನ ಉಂಡೆಯಂಥ ಜೀವಿಗಳೂ ಇರುತ್ತವೆ, ಮುಳ್ಳು ಪಾದದೊಳಗೆ ಮುರಿದುಕೊಳ್ಳುತ್ತದೆ. ಏಪ್ರಿಲ್‌ನಿಂದ ಜುಲೈವರೆಗೆ ಅಲ್ಲಿ ಮಳೆ, ನೀರು ಕಲಕಿರುತ್ತದೆ. ಮಕ್ಕಳ ಬೇಸಿಗೆ ರಜೆಗೆ ಈ ಊರು ಆಗಿಬರುವುದಿಲ್ಲ. ರೊಬಸ್ಟಾ ಕಾಫಿ ಮಾತ್ರ ಇರುವ ತೋಟದವರು ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುವ ಹುತ್ತರಿ ಹಬ್ಬ ಮುಗಿಸಿ, ಕೊಯ್ಲು ಶುರುವಾಗುವ ಮೊದಲು ಹೋಗಿ ಬರಬಹುದು.

ರೆಸಿಫೆಯಲ್ಲೇ ಉಳಿದುಕೊಂಡರೆ ಒಂದು ಎಚ್ಚರ. ಬೋವಾ ವಿಯಾಜೆಂ ಮತ್ತು ಪಿಯೆದಾದೆ ತೀರಗಳಲ್ಲಿ 1992ರಿಂದ ಶಾರ್ಕ್ ದಾಳಿಗಳು ನಡೆದಿವೆ. ದಕ್ಷಿಣದ ಸುವಾಪೆ ಬಂದರಿನ ಕಾಮಗಾರಿಯಿಂದ ಅಳಿವೆಗಳು ಬದಲಾದದ್ದೂ ಒಂದು ಕಾರಣ ಎನ್ನುತ್ತಾರೆ. ಬಂಡೆಸಾಲಿನ ಹೊರಗೆ, ಉಬ್ಬರದಲ್ಲಿ, ಮಳೆಯ ನಂತರದ ಕೆಂಪು ನೀರಿನಲ್ಲಿ ಇಳಿಯಲೇಬಾರದು. ಎಚ್ಚರಿಕೆಯ ಫಲಕ ಇದ್ದ ಕಡೆ ದಡದಲ್ಲಿ ನಡೆದಾಡಿ, ಎಳನೀರು ಕುಡಿದು ಬಂದರೆ ಸಾಕು.

ಏಪ್ರಿಲ್ ಮೇ ರಜೆಗೆ ರಿಯೊ ಡಿ ಜನೈರೊ ಒಳ್ಳೆಯದು. ಬಿಸಿಲು ಹದ, ಜನಜಂಗುಳಿ ಕಡಿಮೆ. ಕೋಪಕಬಾನಾ ಲೆಮೆ ಸೇರಿ ಸುಮಾರು 4 ಕಿಲೋಮೀಟರ್. ಜೀವರಕ್ಷಕರ ಗೋಪುರಗಳಿಗೆ ‘ಪೋಸ್ಟೊ’ ಎಂದು ನಂಬರ್ ಇದೆ: ಲೆಮೆಯಲ್ಲಿ 1, ಇಪನೆಮಾದಲ್ಲಿ 8ರಿಂದ 10, ಲೆಬ್ಲೋನ್‌ನಲ್ಲಿ 11 ಮತ್ತು 12. ಗುಂಪಿನಲ್ಲಿ ಹೋದಾಗ ‘ಪೋಸ್ಟೊ 9ರ ಹತ್ತಿರ’ ಎಂದು ಹೇಳಿಟ್ಟುಕೊಂಡರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಒಡವೆ, ಪಾಸ್‌ಪೋರ್ಟ್ ರೂಮಿನಲ್ಲೇ ಬಿಡಿ. ನೀರಿಗೆ ಇಳಿಯುವಾಗ ಒಬ್ಬರಾದರೂ ಸಾಮಾನಿನ ಹತ್ತಿರ ಕೂರಬೇಕು.

ಹೊಳೆಯಲ್ಲಿ ಈಜು ಕಲಿತವರು ಅಲ್ಲಿ ಎಡವುವುದು ಸೆಳೆತದ ವಿಷಯದಲ್ಲಿ. ಎರಡು ಕಡೆ ಬಿಳಿ ನೊರೆ ಒಡೆಯುತ್ತಿರುವಾಗ ನಡುವೆ ಅಲೆಯೇ ಇಲ್ಲದ ಕಡುಬಣ್ಣದ ಪಟ್ಟೆ ಕಂಡರೆ ಅದು ಶಾಂತ ಜಾಗವಲ್ಲ. ದಡಕ್ಕೆ ಬಂದ ನೀರೆಲ್ಲ ಒಳಗೆ ವಾಪಸಾಗುವ ಕಾಲುವೆ ಅದು. ಜೀವರಕ್ಷಕರು ಅದರ ಎದುರಿನ ಮರಳಿನಲ್ಲಿ ಕೆಂಪು ಬಾವುಟ ನೆಡುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆ ಈಜಬೇಡಿ, ಐದು ನಿಮಿಷದಲ್ಲಿ ತೋಳು ಸೋಲುತ್ತದೆ. ತುಂಬಿದ ಕಾವೇರಿಯಲ್ಲಿ ಪ್ರವಾಹಕ್ಕೆ ಎದುರಾಗಿ ಈಜದೆ ಅಡ್ಡ ಈಜುವಂತೆ ಇಲ್ಲೂ ದಡಕ್ಕೆ ಸಮಾನಾಂತರವಾಗಿ ಸಾಗಿ, ನೊರೆ ಒಡೆಯುವ ಜಾಗ ಸಿಕ್ಕ ಮೇಲೆ ಅಲೆಯ ಜೊತೆ ಹೊರಬನ್ನಿ.

ಹೊರಡುವ ಮುನ್ನ ವೀಸಾ ಜೊತೆಗೆ ಹಳದಿ ಜ್ವರದ ಲಸಿಕೆ ಮರೆಯಬೇಡಿ. ಅಧಿಕೃತ ಕೇಂದ್ರ ಬೆಂಗಳೂರಿನಲ್ಲಿದೆ. ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು ಲಸಿಕೆ ಹಾಕಿಸಿದ 10 ದಿನಗಳ ನಂತರ. ಅದು ಕೈಯಲ್ಲಿಲ್ಲದೆ ಬ್ರೆಜಿಲ್‌ನಿಂದ ವಾಪಸಾದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕದೆ ಪ್ರಮಾಣಪತ್ರದ ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ.