ಕಾಟ್ಟಾಡಿಮಲೆಗೆ ಹೊತ್ತ ಹರಕೆ

ಜನವರಿ 14 ಬಂತೆಂದರೆ ನಮ್ಮ ಬೀದಿಯಲ್ಲಿ ಎಳ್ಳುಬೆಲ್ಲದ ತಟ್ಟೆಗಳು ಮನೆಯಿಂದ ಮನೆಗೆ ಓಡಾಡುತ್ತವೆ. ನಮ್ಮ ಮನೆಗೂ ಬರುತ್ತವೆ. ಕಬ್ಬಿನ ಜಲ್ಲೆ, ಸಕ್ಕರೆ ಅಚ್ಚು ಎಲ್ಲ ಸಂತೋಷದಿಂದ ಈಸಿಕೊಳ್ಳುತ್ತೇವೆ. ನಮ್ಮ ಕಥೋಲಿಕ ಧರ್ಮಸಭೆಯ ಪಂಚಾಂಗದಲ್ಲಿ ಅದೇ ದಿನ ಸಂತ ದೇವಸಹಾಯಂ ಅವರ ಹಬ್ಬ. ನಮ್ಮಲ್ಲೇ ಎಷ್ಟು ಜನಕ್ಕೆ ಇದು ಗೊತ್ತು? ಮಂಗಳವಾರದ ಸಂತ ಅಂತೋಣಿಯವರ ನವೇನ ಪ್ರಾರ್ಥನೆಗೆ ದೇವಾಲಯದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಳೆದುಹೋದ ಬೀಗದಕೈಯಿಂದ ಹಿಡಿದು ಕೂಡಿಬರದ ಮದುವೆಯವರೆಗೆ ಎಲ್ಲಕ್ಕೂ ಅವರೇ ಬೇಕು. ದೇವಸಹಾಯಂ ಹಬ್ಬದ ಬೆಳಗಿನ ಪೂಜೆಗೆ ಮಾತ್ರ ದಿನಾ ಬರುವ ಅದೇ ಮುದುಕರು, ಅದೇ ಕೆಮ್ಮು.

ಇವರೋ ನಮ್ಮ ಹಾಗೆಯೇ ಸಂಸಾರಸ್ಥರು. ಗುರುಗಳಲ್ಲ, ಸನ್ಯಾಸಿಯಲ್ಲ. 2022ರ ಮೇ 15ರಂದು ರೋಮಿನ ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು ಸಂತರೆಂದು ಸಾರಿದಾಗ, ಭಾರತದ ಗೃಹಸ್ಥರಲ್ಲಿ ಆ ಪದವಿಗೇರಿದ ಮೊದಲಿಗರು ಇವರೇ ಆದರು. ನಮ್ಮ ಮನೆಯವರು ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ವರ್ಷ ನಾನು ಹರಕೆ ಹೊತ್ತದ್ದು ಇವರಿಗೆ. ಈಗ ಮನೆಯವರು ಊರುಗೋಲು ಹಿಡಿದು ನಡೆಯುತ್ತಾರೆ. ಅವರನ್ನೂ ಕರೆದುಕೊಂಡೇ, ಸಂತರು ಪ್ರಾಣ ಕೊಟ್ಟ ಬೆಟ್ಟ ಕಾಟ್ಟಾಡಿಮಲೆಗೆ ಹೋಗಿ ಹರಕೆ ತೀರಿಸಿ ಬಂದೆ.

ಕಥೆ ಗೊತ್ತಿದ್ದವರಿಗೂ ಒಮ್ಮೆ ನೆನಪಿಸುತ್ತೇನೆ. ಇಂದಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂ ಎಂಬ ಊರಿನಲ್ಲಿ 1712ರಲ್ಲಿ ಹುಟ್ಟಿದ ನೀಲಕಂಠನ್, ತಿರುವಾಂಕೂರಿನ ಮಾರ್ತಾಂಡವರ್ಮ ಮಹಾರಾಜರ ಕಾಲದಲ್ಲಿ ಪದ್ಮನಾಭಪುರದ ಅರಮನೆಯಲ್ಲಿ ಅಧಿಕಾರಿ. ಒಳ್ಳೆಯ ಕುಲ, ಒಳ್ಳೆಯ ಕೆಲಸ. ಆಮೇಲೆ ದನಕರು ಸತ್ತವು, ಬೆಳೆ ಕೈಕೊಟ್ಟಿತು, ಒಂದರ ಹಿಂದೆ ಒಂದು ನಷ್ಟ. 1741ರ ಕೊಳಚಲ್ ಯುದ್ಧದಲ್ಲಿ ಸೆರೆಸಿಕ್ಕಿ, ಮುಂದೆ ಅದೇ ರಾಜರ ಸೈನ್ಯಕ್ಕೆ ಕವಾಯತು ಕಲಿಸಿದ ಡಚ್ ಕಪ್ತಾನ ಡಿ ಲನಾಯ್ ಅವರಿಗೆ ಸ್ನೇಹಿತ. ಮುಖ ಬಾಡಿಸಿಕೊಂಡಿದ್ದವರಿಗೆ ಆ ಕಪ್ತಾನ ಬೈಬಲಿನ ಯೋಬನ ಕಥೆ ಹೇಳಿದ. ಎಲ್ಲ ಕಳೆದುಕೊಂಡು ನೆಲಕ್ಕೆ ಬಿದ್ದು, ಕೊಟ್ಟವನೇ ತೆಗೆದುಕೊಂಡ, ಅವನ ನಾಮಕ್ಕೆ ಸ್ತೋತ್ರ ಎಂದ ಯೋಬನ ಕಥೆ. 1745ರಲ್ಲಿ ನೀಲಕಂಠನ್ ಗಡಿ ದಾಟಿ ವಡಕ್ಕನ್‌ಕುಳಕ್ಕೆ ಹೋಗಿ, ಯೇಸುಸಭೆಯ ಬುತ್ತಾರಿ ಸ್ವಾಮಿಗಳ ಕೈಯಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿ, ದೇವಸಹಾಯಂ ಆದರು. ಮಡದಿ ಭಾರ್ಗವಿಯಮ್ಮ ಜ್ಞಾನಪ್ಪೂ ಆದರು.

ಕಷ್ಟ ತೀರಲೆಂದು ದೇವರ ಕಡೆ ತಿರುಗಿದ ಮನುಷ್ಯನಿಗೆ ಆಮೇಲೆ ಸಿಕ್ಕಿದ್ದೇನು? ಹೊಲ ಹಸಿರಾಯಿತೇ? ಮೇಲು ಕೀಳೆನ್ನದೆ ಎಲ್ಲರ ಜೊತೆ ಕೂತು ಉಂಡರು, ದೇವರೆದುರು ಎಲ್ಲರೂ ಸಮ ಎಂದರು. ಅರಮನೆಯ ದೊಡ್ಡವರಿಗೆ ಅದು ಹಿಡಿಸಲಿಲ್ಲ. ರಾಜದ್ರೋಹದ ಆಪಾದನೆ ಹೊರಿಸಿ 1749ರ ಫೆಬ್ರವರಿಯಲ್ಲಿ ಸೆರೆಹಿಡಿದರು. ಅಲ್ಲಿಂದ ಗುಂಡಿಟ್ಟು ಕೊಂದ 1752ರ ಜನವರಿಯವರೆಗೆ ಹತ್ತಿರ ಹತ್ತಿರ ಮೂರು ವರ್ಷ.

ನಮ್ಮ ಗುರುಗಳು ಉಪದೇಶದಲ್ಲಿ ಈ ಮೂರು ವರ್ಷವನ್ನು ಒಂದೇ ವಾಕ್ಯದಲ್ಲಿ ದಾಟಿಸಿ ಬೆಟ್ಟದ ಮೇಲಿನ ಗುಂಡಿನ ಸದ್ದಿಗೆ ಹೋಗಿಬಿಡುತ್ತಾರೆ. ನನಗೆ ಅದೇ ಬೇಸರ. ಗುಂಡಿಗೆ ಎದೆಯೊಡ್ಡುವ ಧೈರ್ಯ ಒಂದು ರಾತ್ರಿಗೆ ಬೇಕಾದ್ದು. ಆ ಹಿಂದಿನ ಸಾವಿರ ರಾತ್ರಿಗಳಿಗೆ ಏನು ಬೇಕಿತ್ತು? ಕೊರಳಿಗೆ ಎಕ್ಕದ ಹೂವಿನ ಹಾರ ಹಾಕಿ, ಕೋಣದ ಮೇಲೆ ಹಿಂದುಮುಂದಾಗಿ ಕೂರಿಸಿ ಊರೂರು ಮೆರೆಸಿದರು. ನಮ್ಮ ಕಡೆ ಆಂಜನೇಯನಿಗೆ ಏರಿಸುವ ಹೂವು, ಅಲ್ಲಿ ಮರಣದಂಡನೆಯವರಿಗೆ ಹಾಕುವ ಅವಮಾನದ ಹಾರ. ದಿನವೂ ಹೊಡೆತ. ಹೊಡೆದ ಗಾಯಕ್ಕೆ ಮೆಣಸಿನ ಪುಡಿ ಸವರಿ ಬಿಸಿಲಿಗೆ ಕೂರಿಸುತ್ತಿದ್ದರಂತೆ.

ಈ ಮೆಣಸಿನ ಪುಡಿಯ ಮಾತು ಬಂದರೆ ನನಗೆ ಮುಂದಕ್ಕೆ ಹೋಗಲಾಗುವುದಿಲ್ಲ. ನಮ್ಮಜ್ಜಿ ಮೆಣಸು ಕುಟ್ಟುತ್ತಿದ್ದವಳು. ಬೇಸಿಗೆಯಲ್ಲಿ ಅಂಗಳದ ಚಾಪೆಯ ಮೇಲೆ ಕೆಂಪಗೆ ಹರಡಿದ ಒಣಮೆಣಸಿನಕಾಯಿ, ತೊಟ್ಟು ಮುರಿಯುವಾಗಲೇ ಶುರುವಾಗುವ ಸೀನು. ಬಾಣಲೆಯಲ್ಲಿ ಹುರಿಯುವಾಗ ಒಂದು ತೊಟ್ಟು ಹರಳೆಣ್ಣೆ ಬಿಟ್ಟರೂ ಘಾಟು ಓಣಿಯ ತುದಿಯವರೆಗೆ ಹೋಗುತ್ತಿತ್ತು. ನಾವು ಮಕ್ಕಳು ಕೆಮ್ಮುತ್ತಾ ಹಿತ್ತಲಿಗೆ ಓಡಿದರೆ ಅಜ್ಜಿ ಸೆರಗನ್ನು ಮೂಗಿಗೆ ಬಿಗಿದುಕೊಂಡು ಒರಳಿನ ಮುಂದೆ ನಿಲ್ಲುತ್ತಿದ್ದಳು. ಒನಕೆ ಏಳುವಾಗ ನಮೋ ಮರಿಯ ಪ್ರಾರ್ಥನೆಯ ಅರ್ಧ, ಬೀಳುವಾಗ ಉಳಿದರ್ಧ. ಜಪಸರ ಕೊರಳಲ್ಲೇ ಇರುತ್ತಿತ್ತು, ಖಾರದ ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಲೆಕ್ಕ ಇಟ್ಟುಕೊಳ್ಳಲು ಒರಳಿನ ಅಂಚಿನಲ್ಲಿ ಹುಣಸೆ ಬೀಜ ಸರಿಸುತ್ತಿದ್ದಳು. ಹತ್ತು ನಮೋ ಮರಿಯಕ್ಕೆ ಜಪಸರದ ಒಂದು ದಶಕ, ಅಂಥ ಐದು ದಶಕ ಮುಗಿಯುವ ಹೊತ್ತಿಗೆ ಪುಡಿ ಜರಡಿಗೆ ಸಿದ್ಧ. ರಾತ್ರಿ ಉರಿಯುವ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚುವ ಕೆಲಸ ನನ್ನದು. ಆ ಕೈ ಹಿಡಿದರೆ ಎಣ್ಣೆಯೊಳಗಿಂದಲೂ ನನ್ನ ಬೆರಳಿಗೆ ಖಾರ ಹತ್ತುತ್ತಿತ್ತು, ಮರೆತು ಕಣ್ಣುಜ್ಜಿಕೊಂಡರೆ ಬೆಳಗಿನವರೆಗೂ ನೀರು.

ಯಾರಿಗಾಗಿ ಕುಟ್ಟುತ್ತಿದ್ದಳು ಎಂಬುದನ್ನು ಹೇಳಬೇಕು. ಒಂದು ಬೇಸಿಗೆ ಊರಲ್ಲಿ ಏನೋ ಜಗಳ ಎದ್ದು, ನಮ್ಮ ಕೇರಿಯ ಕ್ರೈಸ್ತರಿಗೆ ಊರಬಾವಿ ಬಂದ್ ಆಯಿತು. ತಾತ ಆಗಲೇ ತೀರಿಕೊಂಡಿದ್ದರು. ಅಜ್ಜಿ ಹಳ್ಳದ ಒರತೆಯಿಂದ ನೀರು ಹೊತ್ತಳು. ಮುಂದಿನ ಲಗ್ನದ ಕಾಲಕ್ಕೆ ಬಾವಿ ಬಂದ್ ಮಾಡಿದ ಮನೆಯವರೇ ಮದುವೆ ಖಾರ ಕುಟ್ಟಲು ಹೇಳಿಕಳಿಸಿದರು. ಹೋಗಬೇಡ ಅಂದರು ಅಪ್ಪ. ‘ಬಾವಿ ಅವರದ್ದು, ನೀರು ದೇವರದ್ದು. ಹೆಣ್ಣುಮಗು ಮದುವೆ ಕಣಪ್ಪಾ, ಅದೇನು ಮಾಡಿತ್ತು’ ಎಂದು ಸೆರಗು ಬಿಗಿದುಕೊಂಡು ಹೋದಳು. ಅಲ್ಲೂ ಒನಕೆಯ ಜೊತೆ ನಮೋ ಮರಿಯ ಹೇಳಿದಳಂತೆ, ಗಟ್ಟಿಯಾಗಿಯೇ. ಯಾರೂ ಬೇಡವೆನ್ನಲಿಲ್ಲವಂತೆ.

ದೇವಸಹಾಯಂ ಅವರ ಹೆಸರನ್ನು ಅಜ್ಜಿ ಕೇಳಿದ್ದಳೋ ಇಲ್ಲವೋ. ಅವಳ ಮನೆಯ ಗೋಡೆಯಲ್ಲಿದ್ದದ್ದು ಯೇಸುವಿನ ತಿರುಹೃದಯದ ಪಟ ಮತ್ತು ವೇಳಾಂಗಣಿ ಮಾತೆ, ಅಷ್ಟೇ. ಆದರೆ ಕಾಟ್ಟಾಡಿಮಲೆಯಲ್ಲಿ ಮೊಣಕಾಲೂರಿದಾಗ ನನ್ನ ಮೂಗಿಗೆ ಬಂದದ್ದು ಮೇಣದಬತ್ತಿಯ ವಾಸನೆಯಲ್ಲ, ಆ ಘಾಟು. ಸುತ್ತ ಯಾರೂ ಅಡುಗೆ ಮಾಡುತ್ತಿರಲಿಲ್ಲ. ಗಂಟಲು ಕಟ್ಟಿತು, ಕಣ್ಣಲ್ಲಿ ನೀರು ಇಳಿಯಿತು, ಕೆಮ್ಮು ಬಂತು. ಮನೆಯವರು ಗಾಬರಿಯಿಂದ ನೀರಿನ ಬಾಟಲಿ ಕೊಟ್ಟರು. ಭ್ರಮೆ ಅನ್ನುವವರು ಅನ್ನಲಿ. ಹರಕೆಗೆಂದು ಕಲಿತುಕೊಂಡು ಹೋಗಿದ್ದ ಪ್ರಾರ್ಥನೆ ಒಂದೂ ನೆನಪಾಗದೆ, ಅಜ್ಜಿಯ ಲಯದಲ್ಲಿ, ಏಳುವಾಗ ಅರ್ಧ ಬೀಳುವಾಗ ಅರ್ಧ, ನಮೋ ಮರಿಯ ಹೇಳುತ್ತಾ ಕೂತುಬಿಟ್ಟೆ.

ಆ ಬೆಟ್ಟದಲ್ಲಿ ಮೊಣಕಾಲು, ಮೊಣಕೈ ಊರಿದ ಗುರುತು ಎಂದು ತೋರಿಸುವ ಬಂಡೆಯಿದೆ. ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಕೊಡುವ ಬಂಡೆಯೂ ಇದೆ. ಅವರು ಸತ್ತ ರಾತ್ರಿ ಒಡೆದು ಬಿದ್ದು ಮೊಳಗಿತಂತೆ. ಬಂದವರೆಲ್ಲ ಒಂದೊಂದು ಪೆಟ್ಟು ಹಾಕಿ, ಫೋನಿನಲ್ಲಿ ಸದ್ದು ಹಿಡಿದು, ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ತಪ್ಪೆನ್ನಲಾರೆ, ನಾನೂ ತಟ್ಟಿದೆ. ಆದರೆ ಆ ಮೂರು ವರ್ಷದ ಬಗ್ಗೆ ಕೇಳಿಸಿಕೊಂಡ ಒಂದು ಸಂಗತಿ ಬಂಡೆಯ ನಾದಕ್ಕಿಂತ ಹೆಚ್ಚು ಹೊತ್ತು ಕಿವಿಯಲ್ಲಿ ನಿಂತಿತು: ಸಂಕೋಲೆಯಲ್ಲಿದ್ದ ಮನುಷ್ಯನನ್ನು ನೋಡಲು ಜನ ಬರುತ್ತಿದ್ದರು, ತಮ್ಮ ಮನೆಯ ರೋಗರುಜಿನ ಹೇಳಿಕೊಂಡು ಪ್ರಾರ್ಥಿಸಿ ಎನ್ನುತ್ತಿದ್ದರು, ಅವರು ಪ್ರಾರ್ಥಿಸುತ್ತಿದ್ದರು. ತನ್ನ ಬೆನ್ನು ಉರಿಯುತ್ತಿರುವಾಗ ಇನ್ನೊಬ್ಬರ ಮಗುವಿನ ಜ್ವರಕ್ಕೆ! ಆಸ್ಪತ್ರೆಯಲ್ಲಿ ಮನೆಯವರ ಪಕ್ಕ ಕೂತ ದಿನಗಳಲ್ಲಿ ನನಗೂ ಹೀಗೊಂದು ಆಗಿತ್ತು, ಸಣ್ಣ ಮಟ್ಟದಲ್ಲಿ. ನಮಗಾಗಿ ಬೇಡಲು ಬಾಯಿ ಬರುತ್ತಿರಲಿಲ್ಲ, ಒಳಗೆಲ್ಲ ಒಣಗಿಹೋಗಿತ್ತು. ಪಕ್ಕದ ಹಾಸಿಗೆಯವನ ತಾಯಿ, ಬುರ್ಖಾ ತೊಟ್ಟ ಹೆಂಗಸು, ‘ನಿಮ್ಮ ಸರ ಹಿಡಿದಾಗ ನನ್ನ ಮಗನಿಗೂ ಒಂದು ಮಾತು ಹೇಳಮ್ಮಾ’ ಅಂದಳು. ಅವಳ ಮಗನಿಗೆಂದು ಶುರು ಮಾಡಿದ ಜಪದಲ್ಲೇ ನನ್ನ ಪ್ರಾರ್ಥನೆಗೆ ಜೀವ ಬಂತು.

ನಮ್ಮವರು ಎದ್ದು ನಡೆದರು. ಆ ಹುಡುಗ ಉಳಿಯಲಿಲ್ಲ. ಸಾಕ್ಷಿ ಹೇಳುವಾಗ ನಾವು ಎರಡನೆಯ ಮಾತನ್ನು ನುಂಗಿಬಿಡುತ್ತೇವೆ. ನಂಬಿದೆ, ಗುಣವಾಯಿತು, ಅಲ್ಲೆಲೂಯ. ಹಾಗಾದರೆ ಗುಣವಾಗದವರು ನಂಬಲಿಲ್ಲವೇ? ಬೈಬಲಿನಲ್ಲಿ ಹಿಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ವಿಶ್ವಾಸದಿಂದ ಸಿಂಹಗಳ ಬಾಯಿ ಕಟ್ಟಿದವರು, ಕತ್ತಿಯ ಬಾಯಿಂದ ಪಾರಾದವರು ಮೊದಲು ಬರುತ್ತಾರೆ. ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಚಾವಟಿ ತಿಂದವರು, ಬೇಡಿ ತೊಟ್ಟವರು, ಅದೇ ಕತ್ತಿಗೆ ಬಲಿಯಾದವರು. ಇಬ್ಬರ ವಿಶ್ವಾಸವೂ ಒಂದೇ ತೂಕದ್ದು. ದೇವಸಹಾಯಂ ಎರಡನೆಯ ಸಾಲಿನವರು. ದೇಹವನ್ನು ಕಾಡಿಗೆ ಎಸೆದರು, ಅಳಿದುಳಿದ ಮೂಳೆಗಳನ್ನು ಭಕ್ತರು ಆಯ್ದು ತಂದು ನಾಗರಕೋವಿಲಿನ ಕೋಟ್ಟಾರು ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯದಲ್ಲಿಟ್ಟರು. ಜ್ಞಾನಪ್ಪೂ ಅಮ್ಮ ವಡಕ್ಕನ್‌ಕುಳ ಸೇರಿ ಅಲ್ಲೇ ಮಣ್ಣಾದರು. ಆ ತಾಯಿಯ ಬಗ್ಗೆ ಒಂದು ಉಪದೇಶವನ್ನೂ ನಾನು ಕೇಳಿಲ್ಲ.

ಅದೇ ವಡಕ್ಕನ್‌ಕುಳದಲ್ಲಿ 19ನೇ ಶತಮಾನದಲ್ಲಿ ಕಟ್ಟಿದ ದೇವಾಲಯಕ್ಕೆ ಎರಡು ಸಾಲುಮಂಟಪ, ನಡುವೆ ಗೋಡೆ. ಒಂದು ಜಾತಿಯವರು ಆ ಕಡೆ, ಉಳಿದವರು ಈ ಕಡೆ. ಸಮಾನತೆ ಹೇಳಿದ್ದಕ್ಕೆ ಸತ್ತವರು ದೀಕ್ಷಾಸ್ನಾನ ಪಡೆದ ಊರು ಅದು! 20ನೇ ಶತಮಾನದ ಆರಂಭದಲ್ಲಿ ಗೋಡೆ ಕೆಡವಿದರು. ಸಂತ ಪದವಿಯ ಹೊತ್ತಿಗೆ ಅವರ ಹೆಸರಿನ ಬಾಲದಲ್ಲಿದ್ದ ಜಾತಿಯನ್ನೂ ವ್ಯಾಟಿಕನ್ ಕೈಬಿಟ್ಟಿತು. ನಮ್ಮ ಮದುವೆ ಮಾತುಕತೆಯಲ್ಲಿ, ಕೆಲವು ಕಡೆ ಸಮಾಧಿ ಭೂಮಿಯಲ್ಲೂ, ಆ ಗೋಡೆ ಇನ್ನೂ ನಿಂತಿದೆ. ಹೊರಗಿನವರ ಹಿಂಸೆಯ ಬಗ್ಗೆ ಮಾತಾಡುವ ಮೊದಲು ಇದನ್ನು ಹೇಳಿಕೊಳ್ಳದಿದ್ದರೆ ಸಂತರ ಮುಖ ನೋಡುವುದು ಕಷ್ಟ.

ಹೊರಗಿನ ಹಿಂಸೆಯೂ ಸುಳ್ಳಲ್ಲ. 2008ರ ಸೆಪ್ಟೆಂಬರ್ 14, ಪವಿತ್ರ ಶಿಲುಬೆಯ ಹಬ್ಬದ ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ದೇವಾಲಯದ ಬಳಿ ಸನ್ಯಾಸಿನಿಯರು ಹಗಲಿರುಳು ಆರಾಧನೆ ನಡೆಸುವ ಮಠಕ್ಕೆ ನುಗ್ಗಿ ಶಿಲುಬೆ ಮುರಿದರು, ಪರಮಪ್ರಸಾದದ ಪೆಟ್ಟಿಗೆಯನ್ನೂ ಬಿಡಲಿಲ್ಲ. ಅದೇ ವರ್ಷ ಒಡಿಶಾದ ಕಂಧಮಾಲ್‌ನಲ್ಲಿ ಮನೆ ಸುಟ್ಟುಹೋಗಿ ಸಾವಿರಾರು ಜನ ಕಾಡು, ನಿರಾಶ್ರಿತರ ಶಿಬಿರ ಸೇರಿದರು. ಆಗ ನಮ್ಮ ದೇವಾಲಯದಲ್ಲೂ ರಾತ್ರಿ ಜಾಗರಣೆ, ಕಣ್ಣೀರು, ಉಪವಾಸ ಎಲ್ಲ ಇತ್ತು. ಆರೇ ತಿಂಗಳಿಗೆ ಎಲ್ಲ ತಣ್ಣಗಾಯಿತು. ಪೆಟ್ಟು ಬಿದ್ದಾಗ ಮಾತ್ರ ಒಟ್ಟಾಗುವ ಭಕ್ತಿಗೆ ದೇವಸಹಾಯಂ ಅವರ ಮೂರು ವರ್ಷ ಅರ್ಥವಾಗುವುದು ಹೇಗೆ? ಅವರನ್ನು ಆ ಬೆಟ್ಟದವರೆಗೆ ಕರೆದೊಯ್ದದ್ದು ದಿನದಿನದ ಜಪ, ಇಂದು ಒಂದು ದಿನ, ನಾಳೆ ಇನ್ನೊಂದು ದಿನ ಎಂದು ಹೇಳಿದ ಜಪ. ನನಗಂತೂ ಹಾಗನ್ನಿಸುತ್ತದೆ. ಕಂಧಮಾಲಿನ ಆ ತಾಯಂದಿರೂ ಶಿಬಿರದ ಟಾರ್ಪಾಲಿನ ಕೆಳಗೆ ಹೇಳಿಕೊಂಡಿದ್ದು ಅದನ್ನೇ ಇರಬೇಕು.

ನಮ್ಮ ಚಿಕ್ಕಂದಿನಲ್ಲಿ ಸಂಜೆ ಏಳಕ್ಕೆ ಕೇರಿಯ ಯಾವ ಮನೆಯ ಮುಂದೆ ಹಾದರೂ ಜಪಸರದ ದನಿ. ಒಂದು ಮನೆಯಲ್ಲಿ ಕೇಳಿದ ಪರಲೋಕ ಮಂತ್ರ ಮುಂದಿನ ಮನೆಯಲ್ಲಿ ಮುಗಿಯುತ್ತಿತ್ತು. ಈಗ ಏಳಕ್ಕೆ ಧಾರಾವಾಹಿ, ಎಂಟಕ್ಕೆ ಮಕ್ಕಳ ಟ್ಯೂಷನ್, ಆಮೇಲೆ ತಲೆಗೊಂದು ಫೋನು. ಬೆಟ್ಟದಿಂದ ಬಂದ ವಾರವೇ ಮನೆಯಲ್ಲಿ ಮಾತೆತ್ತಿದೆ: ದಿನಕ್ಕೆ ಒಂದೇ ದಶಕ, ಎಲ್ಲರೂ ಕೂತು, ನಮಗಲ್ಲದೆ ಹೊರಗಿನ ಒಬ್ಬರ ಹೆಸರು ಹಿಡಿದು. ಸೊಸೆ ಒಪ್ಪಿದಳು. ಮೊಮ್ಮಗಳು ತನ್ನ ಗೆಳತಿಯ ಹೆಸರು ಮೊದಲೇ ಕೊಟ್ಟಿಟ್ಟಿದ್ದಾಳೆ. ಮನೆಯವರು ಸರಿಯಾಗಿ ತಿರುಗದ ನಾಲಿಗೆಯಲ್ಲೇ ‘ನಮೋ’ ಎಂದು ಮೊದಲು ಶುರು ಮಾಡುತ್ತಾರೆ. ಮಗ ಮಾತ್ರ ‘ಭಾನುವಾರ ಪೂಜೆಗೆ ಬರ್ತೀನಲ್ಲಮ್ಮ, ಸಾಲದಾ’ ಎನ್ನುತ್ತಾನೆ. ಸಾಲದು ಅಂದಿದ್ದೇನೆ. ಅವನೊಡನೆ ಆ ಮಾತು ಇನ್ನೂ ನಡೆಯುತ್ತಿದೆ, ಈಸ್ಟರಿಗೆ ಮೊದಲಿನ ತಪಸ್ಸುಕಾಲ ಹತ್ತಿರ ಬಂತು, ನೋಡೋಣ.