ದಾರಿಯುದ್ದ ಕೂಗಿದ ಹಕ್ಕಿ

ಬೆಳಿಗ್ಗೆ 6.30ಕ್ಕೆ ಕಾಡಿನ ಮಣ್ಣುದಾರಿಗೆ ಹೊರಟಾಗ ನಮ್ಮ ಹತ್ತಿರ ಮೂರು ಗಾಡಿ ಇದ್ದವು. ಮೂರೂ ಫೋರ್ ವೀಲ್ ಡ್ರೈವ್, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವಂಥವು. ರಾತ್ರಿ ಹತ್ತಕ್ಕೆ ಟಾರ್ ರಸ್ತೆಗೆ ವಾಪಸ್ ಬಂದಾಗಲೂ ಮೂರೇ ಇದ್ದವು. ಆದರೆ ಒಂದರ ಸ್ಟೆಪ್ನಿ ಖರ್ಚಾಗಿತ್ತು. ಇನ್ನೊಂದು ಬರೀ ಮುಂದಿನ ಎರಡು ಚಕ್ರದ ಬಲದಲ್ಲಿ ಓಡುತ್ತಿತ್ತು. ಮೂರನೆಯದು ನನ್ನದು. ಅದರ ಕಥೆ ಹೇಳಲು ಸ್ವಲ್ಪ ನಾಚಿಕೆ, ಆದರೂ ಹೇಳುತ್ತೇನೆ.

ಆರು ಜನ, ಗಾಡಿಗೆ ಇಬ್ಬರು. ಮುಂದೆ ಅಣ್ಣನ ಹಳೇ ಡೀಸೆಲ್ ಜೀಪು. ಅಣ್ಣ ನಮ್ಮಲ್ಲಿ ಯಾರಿಗೂ ಒಡಹುಟ್ಟಿದವರಲ್ಲ. ವಯಸ್ಸಿನಲ್ಲಿ ದೊಡ್ಡವರು, ನಾವು ಸ್ಕೂಟರ್ ಕಲಿಯುವ ಕಾಲಕ್ಕೇ ಕೆಸರಿನಲ್ಲಿ ಗಾಡಿ ಓಡಿಸಿದವರು, ಅದಕ್ಕೇ ಎಲ್ಲರಿಗೂ ಅಣ್ಣ. ನಡುವೆ ಹೊಚ್ಚ ಹೊಸ ಆಟೋಮ್ಯಾಟಿಕ್ ಗಾಡಿ. ಮರಳಿಗೊಂದು ಬಟನ್, ಕೆಸರಿಗೊಂದು ಬಟನ್, ಹಿಮಕ್ಕೂ ಒಂದು ಬಟನ್. ಅದರ ಒಡೆಯನಿಗೆ ನಾವಿಟ್ಟ ಹೆಸರೂ ಬಟನ್. ಕೊನೆಯಲ್ಲಿ ನಾನು, ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿಯಲ್ಲಿ. ಕಾರ್ಬುರೇಟರ್ ಕಾಲದ್ದು. ಪಕ್ಕದಲ್ಲಿ ನನ್ನ ಹಳೇ ಗೆಳೆಯ. ಅವನಿಗೆ ಡ್ರೈವಿಂಗ್ ಬರಲ್ಲ, ಆದರೆ ಬೇರೆಯವರ ಡ್ರೈವಿಂಗ್ ಬಗ್ಗೆ ಎಲ್ಲವೂ ಗೊತ್ತು.

ಅಣ್ಣ ಹೊರಡುವ ಮುಂಚೆ ಭಾಷಣ ಮಾಡುವವರಲ್ಲ. ಅವರದು ಎರಡೇ ಪದ: "ಇಳಿದು ನೋಡು." ಹಳ್ಳ ಬಂತಾ, ಇಳಿದು ನೋಡು. ಕಲ್ಲು ಬಂತಾ, ಇಳಿದು ನೋಡು. ಶಬ್ದ ಬಂತಾ, ಇಳಿದು ನೋಡು. ಆ ದಿನ ಈ ಎರಡು ಪದವನ್ನು ನಲವತ್ತು ಸಲವಾದರೂ ಕೇಳಿದ್ದೇವೆ.

ಟಾರ್ ಮುಗಿದು ಮಣ್ಣು ಶುರುವಾಗುವ ಜಾಗದಲ್ಲಿ ನಿಲ್ಲಿಸಿ ಟೈರಿನ ಗಾಳಿ ಇಳಿಸಿದೆವು. 32 ಪಿಎಸ್‌ಐ ಇದ್ದದ್ದನ್ನು 20ಕ್ಕೆ ತಂದೆವು. ಗಾಳಿ ಕಡಿಮೆಯಾದರೆ ಟೈರು ನೆಲಕ್ಕೆ ಉದ್ದಕ್ಕೆ ಚಪ್ಪಟೆಯಾಗಿ ಕೂರುತ್ತದೆ, ಕಲ್ಲನ್ನು ತಬ್ಬಿಕೊಳ್ಳುತ್ತದೆ, ಹಿಡಿತ ಜಾಸ್ತಿ. ಹಾಗಂತ ತುಂಬಾ ಇಳಿಸಿದರೆ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಂಡೀತು. ಬಟನ್ ಮಾತ್ರ ಗಾಳಿ ಇಳಿಸಲಿಲ್ಲ. "ಗಾಡಿನೇ ಎಲ್ಲಾ ನೋಡ್ಕೊಳ್ಳುತ್ತೆ ಅಣ್ಣಾ" ಅಂದ. ಅಣ್ಣ ಅವನ ಟೈರುಗಳನ್ನೊಮ್ಮೆ ನೋಡಿ ಸುಮ್ಮನಾದರು. ಅವು ಹೈವೇ ಟೈರು.

ಮೊದಲ ಸಣ್ಣ ಏರಿನಲ್ಲಿ ನಿಂತದ್ದು ಮಾತ್ರ ನಾನೇ. ಅಣ್ಣ ಹತ್ತಿದರು, ಬಟನ್ ಕೂಡ ಹತ್ತಿದ. ನಾನು ಲಿವರ್ ಎಳೆದು ಫೋರ್ ಲೋಗೆ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ ಹೆಚ್ಚು ಬಲ ಕೊಡುವ ಗೇರಿಗೆ, ಹಾಕಿದ್ದೆ. ಆದರೂ ಹಿಂದಿನ ಚಕ್ರ ಗಿರಗಿರ ತಿರುಗಿ ಮಣ್ಣು ಎರಚುತ್ತಿತ್ತೇ ಹೊರತು ಗಾಡಿ ಮೇಲೆ ಹೋಗುತ್ತಿರಲಿಲ್ಲ. ಕ್ಲಚ್ ವಾಸನೆ ಬರತೊಡಗಿತು. "ಟೈರು ಸರಿ ಇಲ್ಲ, ಈ ಮಣ್ಣೇ ಬೇರೆ" ಅಂತೆಲ್ಲ ಗೆಳೆಯನಿಗೆ ವಿವರಿಸುತ್ತಿದ್ದೆ. ಅಣ್ಣ ಮೇಲಿನಿಂದ ನಡೆದು ಬಂದರು. ಕಿಟಕಿ ಹತ್ತಿರ ಬರಲಿಲ್ಲ. ನೇರ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತರು.

"ಲೋ, ಹಬ್ ಲಾಕ್ ಮಾಡಿದೀಯೇನೋ?"

ಹಳೇ ಗಾಡಿ ಓಡಿಸುವವರಿಗೆ ಇಷ್ಟು ಸಾಕು, ಮಿಕ್ಕವರಿಗೆ ಹೇಳುತ್ತೇನೆ. ಇಂಥ ಗಾಡಿಗಳಲ್ಲಿ ಲಿವರ್ ಎಳೆದರೆ ಮುಂದಿನ ಆಕ್ಸಲ್‌ಗೆ, ಅಂದರೆ ಚಕ್ರಗಳ ಅಚ್ಚಿಗೆ, ಶಕ್ತಿ ಹೋಗುತ್ತದೆ ನಿಜ, ಆದರೆ ಅದು ಚಕ್ರಕ್ಕೆ ತಲುಪಬೇಕಾದರೆ ಕೆಳಗಿಳಿದು ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಹಬ್ಬಿನ ಗುಂಡು ತಿರುಪನ್ನು ಕೈಯಲ್ಲಿ 'ಲಾಕ್'ಗೆ ತಿರುಗಿಸಬೇಕು. ನಾನು ತಿರುಗಿಸಿರಲಿಲ್ಲ. ಅಷ್ಟು ಹೊತ್ತು ಬರೀ ಎರಡು ಚಕ್ರದಲ್ಲಿ ಗುದ್ದಾಡುತ್ತಿದ್ದೆ. ಲಾಕ್ ಮಾಡಿದ ಮೇಲೆ ಗಾಡಿ ಆ ಏರನ್ನು ಆಕ್ಸಿಲರೇಟರ್ ಮುಟ್ಟದೆಯೇ ಹತ್ತಿತು. ಗೆಳೆಯ ಸಂಜೆವರೆಗೂ ಎಲ್ಲರಿಗೂ ಕೇಳುವಂತೆ "ಈ ಮಣ್ಣೇ ಬೇರೆ" ಅನ್ನುತ್ತಿದ್ದ.

ಆಮೇಲೆ ಒಂದು ಗಂಟೆ ಚೆನ್ನಾಗಿ ಕಳೆಯಿತು. ಎಂಜಿನ್‌ಗಳ ಗುರುಗುರು, ಕೊಂಬೆ ಬಾಡಿಗೆ ಉಜ್ಜುವ ಸದ್ದು, ನಡುನಡುವೆ ಮುಂದೆಲ್ಲೋ ಒಂದು ಹಕ್ಕಿಯ ಕೂಗು. ಚೀಂಕ್, ಚೀಂಕ್, ಚೀಂಕ್. "ಯಾವ ಹಕ್ಕಿನೋ, ನಮ್ಮ ಜೊತೆಗೇ ಬರ್ತಿದೆ" ಅಂದ ಗೆಳೆಯ. ಇಬ್ಬರೂ ಖುಷಿಪಟ್ಟೆವು.

ಬಟನ್ ಹೂತದ್ದು ಒಂದು ತಗ್ಗಿನಲ್ಲಿ. ಅಣ್ಣನ ಗಾಡಿ ಹೋದ ಗಾಲಿಜಾಡಿನಲ್ಲೇ ಅವನೂ ಹೋದ. ಅವರ ಗಾಡಿ ಎತ್ತರ, ಇವನದು ತಗ್ಗು, ಇಬ್ಬರಿಗೂ ಒಂದೇ ಜಾಡು ಆಗಿಬರುವುದಿಲ್ಲ. ಹೊಟ್ಟೆ ನಡುವಿನ ದಿಬ್ಬದ ಮೇಲೆ ಕೂತಿತು. ಟೈರಿನ ಗೀರುಗಳಲ್ಲಿ ಕೆಸರು ತುಂಬಿ ನಾಲ್ಕೂ ಟೈರು ಬೋಳು ತಲೆಯಾದವು. ಒಂದಾದ ಮೇಲೊಂದು ಬಟನ್ ಒತ್ತಿದ. ಹಿಮದ್ದನ್ನೂ ಬಿಡಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ದೀಪಗಳು ಮಿನುಗಿದವು, ಗಾಡಿ ಇನ್ನೂ ನಾಲ್ಕು ಬೆರಳು ಇಳಿಯಿತು.

ಸಲಿಕೆ ಹಿಡಿದು ಹೊಟ್ಟೆಯ ಕೆಳಗಿನ ಮಣ್ಣು ತೆಗೆದೆವು. ಇದೇ ಮುಕ್ಕಾಲು ಕೆಲಸ. ಅಗೆಯದೆ ಎಳೆಯಲು ಹೋದರೆ ಹಗ್ಗದ ಮೇಲೆ ಬೀಳುವ ಭಾರ ಎರಡು ಪಟ್ಟಾಗುವುದೂ ಉಂಟು. ಹಗ್ಗ ಕಟ್ಟುವಾಗ ಬಟನ್‌ನ ಜೊತೆಗಾರ ಟ್ರೈಲರ್ ಸಿಕ್ಕಿಸುವ ಉಕ್ಕಿನ ಗುಂಡು ತೋರಿಸಿ "ಇಲ್ಲಿಗೇ ಹಾಕೋಣ" ಅಂದ. ಅಣ್ಣ ಆ ದಿನ ದನಿ ಎತ್ತಿದ್ದು ಅದೊಂದೇ ಸಲ. ಆ ಗುಂಡು ಇರುವುದು ನಿಧಾನವಾಗಿ ಉರುಳುವ ಟ್ರೈಲರ್ ಎಳೆಯಲು. ಹೂತ ಗಾಡಿಯನ್ನು ಜಗ್ಗಿದರೆ ಮುರಿದು ಗುಂಡಿನಂತೆಯೇ ಹಾರುತ್ತದೆ. ಹಾಗೆ ಹಾರಿ ಜನ ಸತ್ತಿದ್ದಾರೆ. ಚಾಸಿಗೆ ಬಿಗಿದ ಕೊಕ್ಕೆ ಹುಡುಕಿ ಶ್ಯಾಕಲ್ ಅನ್ನುವ ಉಕ್ಕಿನ ಬಳೆ ಹಾಕಿದೆವು. ಹಗ್ಗದ ನಡುವೆ ಒದ್ದೆ ಜಾಕೆಟ್ ಹೊದಿಸಿದೆವು, ಅಕಸ್ಮಾತ್ ಕಿತ್ತುಬಂದರೂ ಹಾರದೆ ನೆಲಕ್ಕೆ ಬೀಳಲಿ ಅಂತ. ಎಲ್ಲರನ್ನೂ ದೂರ ಕಳಿಸಿ ಅಣ್ಣ ನಿಧಾನ ಎಳೆದರು. ಈ ಹಗ್ಗ ರಬ್ಬರಿನಂತೆ ಹಿಗ್ಗಿ ಮತ್ತೆ ಕುಗ್ಗುತ್ತದೆ, ಆ ಕುಗ್ಗುವ ಬಲವೇ ಗಾಡಿಯನ್ನು ಕೀಳುವುದು. ಪಚಕ್ ಅಂತ ಸದ್ದು ಮಾಡಿ ಬಟನ್ ಹೊರಬಂದ.

ಹೊರಬಂದವನು ಹತ್ತೇ ನಿಮಿಷಕ್ಕೆ ಚೂಪು ಕಲ್ಲಿಗೆ ಟೈರಿನ ಪಕ್ಕೆ ಸೀಳಿಸಿಕೊಂಡ. ಪಕ್ಕೆ ಸೀಳಿದರೆ ಪಂಚರ್ ಬತ್ತಿ ನಿಲ್ಲುವುದಿಲ್ಲ. ಸ್ಟೆಪ್ನಿ ಹಾಕಿದೆವು. ಜಾಕ್ ಕೆಸರಿನಲ್ಲಿ ಇಳಿದು ಹೋಗುತ್ತಿತ್ತು, ಕೆಳಗೆ ಹಲಗೆ ಕೊಟ್ಟೆವು. ಅದನ್ನು ಬರೆಯುವಷ್ಟೇನೂ ಇಲ್ಲ.

ಹೊಳೆಗೆ ಬಂದಾಗ ಮಧ್ಯಾಹ್ನ. ಅಣ್ಣ ಪ್ಯಾಂಟ್ ಮಡಚಿ ಕೋಲು ಹಿಡಿದು ಆ ದಡದವರೆಗೆ ನಡೆದು ವಾಪಸ್ ಬಂದರು. ನೀರು ಮೊಣಕಾಲಿಗಿಂತ ಮೇಲೆ. ಎಡಗಡೆ ಗುಂಡಿ, ಬಲಗಡೆ ಗಟ್ಟಿ. "ಒಂದೇ ಸಮ ಹೋಗು, ನಿಲ್ಲಬೇಡ, ಜೋರೂ ಬೇಡ" ಅಂದರು. ನನಗೆ ಬೆಳಗಿನ ಹಬ್ ಕಥೆಯ ಅವಮಾನ ಇನ್ನೂ ಆರಿರಲಿಲ್ಲ. ಹಾಗಾಗಿ ಜೋರಾಗಿ ಹೋದೆ. ಎರಡೂ ಕಡೆ ನೀರು ರೆಕ್ಕೆಯಂತೆ ಎದ್ದಿತು. ಫೋಟೋ ಚೆನ್ನಾಗಿ ಬಂದಿದೆ. ಅದು ತೆಗೆದ ಎರಡು ಸೆಕೆಂಡಿಗೆ ಎಂಜಿನ್ ಕೆಮ್ಮಿ ನಿಂತಿತು.

ಕೈ ತಾನಾಗಿ ಕೀಲಿಗೆ ಹೋಯಿತು. ದಡದಿಂದ ಅಣ್ಣ ಎರಡೂ ಕೈ ಬೀಸಿದರು. "ಸ್ಟಾರ್ಟ್ ಮಾಡ್ಬೇಡಾ!" ಎಂಜಿನ್ ಒಳಗೆ ನೀರು ಹೋಗಿದ್ದರೆ ಸ್ಟಾರ್ಟ್ ಮಾಡುವುದೇ ಅದರ ಸಾವು. ಗಾಳಿಯನ್ನು ಪಿಸ್ಟನ್ ಒತ್ತಿ ಕುಗ್ಗಿಸುತ್ತದೆ. ನೀರು ಕುಗ್ಗುವುದಿಲ್ಲ. ಆಗ ಬಗ್ಗುವುದು ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್.

ಹಗ್ಗದಲ್ಲಿ ಎಳೆಸಿಕೊಂಡು ದಡ ಸೇರಿದೆ. ಬಾನೆಟ್ ಎತ್ತಿ ಮೊದಲು ಏರ್ ಫಿಲ್ಟರ್ ತೆಗೆದೆವು. ಒಣಗಿಯೇ ಇತ್ತು. ನನಗೆ ಉಸಿರು ಬಂತು. ಹಾಗಾದರೆ ನೀರು ಒಳಗೆ ಹೋಗಿಲ್ಲ. ರೇಡಿಯೇಟರ್ ಫ್ಯಾನು ನೀರನ್ನು ಎರಚಿ ಎಂಜಿನ್‌ಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನೆನೆಸಿದೆ, ಅಷ್ಟೇ. ಪೆಟ್ರೋಲ್ ಗಾಡಿಗೆ ಕಿಡಿ ಬೇಕು, ಅಲ್ವಾ? ಒದ್ದೆಯಾದರೆ ಆ ಕಿಡಿ ಹೋಗಬೇಕಾದ ಕಡೆ ಹೋಗದೆ ಇನ್ನೆಲ್ಲೋ ಸೋರಿಹೋಗುತ್ತದೆ. ಡೀಸೆಲ್‌ಗೆ ಈ ತಾಪತ್ರಯ ಇಲ್ಲ, ಅದು ಒತ್ತಡದ ಬಿಸಿಗೇ ಉರಿಯುತ್ತದೆ. ಮುಚ್ಚಳ ಬಿಚ್ಚಿ ಒರೆಸಲು ಇಡೀ ಗುಂಪಿನಲ್ಲಿ ಒಣಗಿದ ಬಟ್ಟೆ ಅಂತ ಇದ್ದದ್ದು ಗೆಳೆಯನ ಬನಿಯನ್ ಒಂದೇ. ಬಿಚ್ಚಿಕೊಟ್ಟ. ಮೂರನೇ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ಮುಂದಿನ ಜಾಲರಿಗೆ ಒಂದು ಟಾರ್ಪಾಲು ಕಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಟಾರ್ಪಾಲು ನನ್ನ ಗಾಡಿಯಲ್ಲೇ ಇತ್ತು, ಸೀಟಿನ ಹಿಂದೆ, ಮಡಚಿ.

ಹಕ್ಕಿ ಇನ್ನೂ ಕೂಗುತ್ತಿತ್ತು. ಈಗ ಸ್ವಲ್ಪ ಜೋರಾಗಿ. ಅಣ್ಣನ ಗಾಡಿ ನಿಂತಾಗ ಅದೂ ನಿಲ್ಲುತ್ತಿತ್ತು. ಇದನ್ನು ನಾನು ಗಮನಿಸಿದ್ದೆ, ನಿಜ ಹೇಳಬೇಕೆಂದರೆ. ಎಂಜಿನ್ ಸದ್ದಿಗೆ ಉತ್ತರ ಕೊಡುವ ಹಕ್ಕಿ ಇರಬಹುದು ಅಂದುಕೊಂಡೆ. ಅಣ್ಣನಿಗೆ ಹೇಳಲಿಲ್ಲ. ಹಬ್ ಲಾಕ್ ಮಾಡದೆ ಬಂದವನು, ಹೊಳೆಯಲ್ಲಿ ನಿಂತವನು, ಅವರ ಗಾಡಿಯ ಸದ್ದಿನ ಬಗ್ಗೆ ಏನು ಹೇಳುವುದು?

ದೊಡ್ಡ ಏರು ಬಂದಾಗ ನಾಲ್ಕು ಗಂಟೆ. ಸುಮಾರು ಇನ್ನೂರು ಮೀಟರ್, ಸಡಿಲ ಕಲ್ಲು. ಬಟನ್ ಗಾಳಿ ಇಳಿಸಿಕೊಂಡಿದ್ದ, ಯಾರೂ ಹೇಳದೆಯೇ. ಅವನು ಹತ್ತಿದ. ನಾನೂ ಹತ್ತಿದೆ. ಕೊನೆಗೆ ಅಣ್ಣ. ಅರ್ಧಕ್ಕೆ ಬಂದಿದ್ದರು, ಢಣ್ ಅಂತ ದೊಡ್ಡ ಸದ್ದು. ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಉದ್ದನೆ ಕಂಬಿ, ಪ್ರೊಪೆಲ್ಲರ್ ಶಾಫ್ಟ್, ಒಂದು ತುದಿ ಕಳಚಿ ನೆಲಕ್ಕೆ ಬಿದ್ದಿತ್ತು.

ಓಡಿ ಹೋಗಿ ಚಕ್ರಗಳ ಹಿಂದೆ ಕಲ್ಲು ಕೊಟ್ಟೆವು. ಅಣ್ಣ ಕೆಳಗೆ ತೂರಿದರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಒಂದು ಕೈ ಹೊರಗೆ ಬಂತು. ಅಂಗೈಯಲ್ಲಿ ಶಾಫ್ಟಿನ ತುದಿಯನ್ನು ಜೋಡಿಸುವ ಯೂನಿವರ್ಸಲ್ ಜಾಯಿಂಟಿನ ಚೂರು, ತುಕ್ಕು ಬಣ್ಣದ ಪುಡಿ. ಗ್ರೀಸ್ ಒಂದು ಚೂರೂ ಇರಲಿಲ್ಲ. ಈ ಜಾಯಿಂಟಿನ ಒಳಗೆ ಸೂಜಿಯಷ್ಟು ಸಣ್ಣ ಬೇರಿಂಗ್‌ಗಳು ಇರುತ್ತವೆ. ಗ್ರೀಸ್ ಒಣಗಿದರೆ ಶಾಫ್ಟಿನ ಒಂದೊಂದು ಸುತ್ತಿಗೂ ಕೀಚ್ ಅನ್ನುತ್ತವೆ. ಚೀಂಕ್, ಚೀಂಕ್, ಚೀಂಕ್.

"ಅಣ್ಣಾ, ಬೆಳಿಗ್ಗೆಯಿಂದ ಕೂಗ್ತಾ ಇತ್ತು" ಅಂದ ಗೆಳೆಯ.

"ನನಗೂ ಕೇಳಿಸ್ತಿತ್ತು" ಅಂದರು ಅಣ್ಣ, ಗಾಡಿ ಕೆಳಗಿನಿಂದಲೇ. "ಹಕ್ಕಿ ಅಂದ್ಕೊಂಡೆ."

ಯಾರೂ ಆ ಎರಡು ಪದ ಹೇಳಲಿಲ್ಲ. ಎಲ್ಲರ ಬಾಯಲ್ಲೂ ಇತ್ತು ಅನ್ನುವುದು ಖಂಡಿತ.

ಬೋಲ್ಟುಗಳನ್ನು ಬಿಚ್ಚಿ ಶಾಫ್ಟನ್ನೇ ಪೂರ್ತಿ ತೆಗೆದು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಕಾಡಿನಲ್ಲಿ ಇದು ಹಳೇ ಉಪಾಯ. ಹಿಂದಿನ ಶಾಫ್ಟ್ ಇಲ್ಲದಿದ್ದರೂ ಲಿವರ್ ಫೋರ್ ವೀಲ್‌ನಲ್ಲಿದ್ದರೆ ಮುಂದಿನ ಆಕ್ಸಲ್ ಎಳೆಯುತ್ತದೆ. ಸಮ ನೆಲದಲ್ಲಿ ಸಾಕು. ಆದರೆ ಏರಿನಲ್ಲಿ? ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಜಾರುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಅಣ್ಣನ ಗಾಡಿ ಎರಡು ಅಡಿ ಹೋಗಿ ಕಲ್ಲು ಎರಚಿ ನಿಂತಿತು. ನಾನು ಮೇಲಿನಿಂದ ಹಗ್ಗ ಹಾಕಿ ಎಳೆದೆ. ನನ್ನದೂ ಜಾರಿತು, ಮತ್ತೆ ಕ್ಲಚ್ ವಾಸನೆ. ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚ್ ಯಾರ ಹತ್ತಿರವೂ ಇರಲಿಲ್ಲ. ಕತ್ತಲಾಗುತ್ತಿತ್ತು. ಗಾಡಿ ಅಲ್ಲೇ ಬಿಟ್ಟು ಹೋಗುವ ಮಾತೂ ಬಂತು. ಅಣ್ಣ ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ದರು.

ಆಗ ಬಟನ್ ಕೇಳಿದ, "ಅಣ್ಣಾ, ರಿವರ್ಸಲ್ಲಿ ಹತ್ತಿದ್ರೆ ಆಗಲ್ವಾ?"

ನಾವು ನಕ್ಕೆವು. ಅವನು ನಗಲಿಲ್ಲ. ಅವನ ಮೊದಲ ಕಾರು ಮುಂದಿನ ಚಕ್ರದಿಂದ ಎಳೆಯುವಂಥದ್ದು, ಮಳೆಗಾಲದಲ್ಲಿ ಒಂದು ಜಾರು ಏರನ್ನು ಯಾವಾಗಲೂ ಹಿಂದು ಮುಂದಾಗಿಯೇ ಹತ್ತಿಸುತ್ತಿದ್ದನಂತೆ. ಯೋಚಿಸಿದರೆ ಸರಿಯೇ. ಗಾಡಿ ತಿರುಗಿಸಿದರೆ ಎಳೆಯುವ ಚಕ್ರ ಕೆಳಗಡೆ ಬರುತ್ತದೆ, ಭಾರವೂ ಅಲ್ಲೇ ಬೀಳುತ್ತದೆ. ಅಣ್ಣ ಅವನನ್ನು ಒಂದು ನಿಮಿಷ ನೋಡಿದರು. ಬೆಳಿಗ್ಗೆ ಅವನ ಟೈರು ನೋಡಿದಂತಲ್ಲ, ಬೇರೆ ಥರ.

ಇಂಚಿಂಚಾಗಿ ಗಾಡಿಯನ್ನು ಬುಡಕ್ಕೆ ಇಳಿಸಿ ತಿರುಗಿಸಿದರು. ಕೈ ತೋರಿಸುವ ಕೆಲಸ ನನಗೆ ಬಂತು. ಒಬ್ಬರೇ ತೋರಿಸಬೇಕು, ಐದು ಜನ ಕೂಗಿದರೆ ಡ್ರೈವರ್ ಯಾರ ಮಾತು ಕೇಳುವುದು? ಇನ್ನೂರು ಮೀಟರ್ ಏರನ್ನು ನಾನು ಟಾರ್ಚ್ ಹಿಡಿದು ಹಿಂದಕ್ಕೆ ನಡೆಯುತ್ತಾ ಹತ್ತಿದೆ. ಅಣ್ಣ ಕುತ್ತಿಗೆ ತಿರುಗಿಸಿಕೊಂಡು ನನ್ನ ಟಾರ್ಚನ್ನೇ ನೋಡುತ್ತಾ ಹತ್ತಿದರು. ಪ್ರತಿ ಕಲ್ಲನ್ನೂ ನಿಂತು ನೋಡಿದೆ. ದೊಡ್ಡದನ್ನು ಸರಿಸಿದೆ, ಗುಂಡಿಗೆ ಸಣ್ಣದು ತುಂಬಿದೆ. ಎರಡು ಸಲ ಬಿದ್ದೆ. ಒಂದೂಕಾಲು ಗಂಟೆ ಹಿಡಿಯಿತು. ಗಾಡಿ ಅಷ್ಟು ಮೌನವಾಗಿ ಓಡಿದ್ದನ್ನು ಬೆಳಿಗ್ಗೆಯಿಂದ ನಾನು ಕೇಳಿರಲಿಲ್ಲ.

ಟಾರ್ ರಸ್ತೆಗೆ ಬಂದು ಟೈರಿಗೆ ಗಾಳಿ ತುಂಬಿಕೊಂಡೆವು. ಹೊರಡೋಣ ಅಂತ ನಾನು ಸ್ಟೀರಿಂಗ್ ಪೂರ್ತಿ ತಿರುಗಿಸಿದೆ. ಗಾಡಿ ಹೋಗಲೊಲ್ಲದು. ಯಾರೋ ಒಳಗಿನಿಂದ ಬ್ರೇಕ್ ಹಿಡಿದ ಹಾಗೆ ಬಿಗಿಯಾಗಿ, ಕುಪ್ಪಳಿಸಿ ನಿಂತಿತು. "ಸ್ಟೀರಿಂಗೂ ಹೋಯ್ತು" ಅಂದೆ. ಗೆಳೆಯ ನಿದ್ದೆಗಣ್ಣಲ್ಲೇ "ಈ ಟಾರೇ ಬೇರೆ" ಅಂದ.

ಅಣ್ಣ ಟಾರ್ಚ್ ಹಿಡಿದು ಬಂದರು. ಈ ಸಲವೂ ಕಿಟಕಿ ಹತ್ತಿರ ಬರಲಿಲ್ಲ. ಮುಂದಿನ ಚಕ್ರದ ಹತ್ತಿರ ಕೂತು ಹಬ್ ತಿರುಗಿಸಲು ನೋಡಿದರು. ಲಿವರ್ ಇನ್ನೂ ಫೋರ್ ವೀಲ್‌ನಲ್ಲೇ ಇತ್ತು. ಗಟ್ಟಿ ನೆಲದಲ್ಲಿ ಮುಂದಿನ, ಹಿಂದಿನ ಚಕ್ರಗಳು ಒಂದಕ್ಕೊಂದು ಜಗ್ಗಿ ಹಬ್ ಕಲ್ಲಿನಂತೆ ಬಿಗಿದುಕೊಂಡಿತ್ತು. ಅದು ಸಡಿಲಾಗಬೇಕಾದರೆ ಗಾಡಿ ನಾಲ್ಕು ಮಾರು ಹಿಂದಕ್ಕೆ ಹೋಗಬೇಕು.

ಅಣ್ಣ ಎದ್ದು ನಿಂತು ಕೈ ಒರೆಸಿಕೊಂಡರು.

"ರಿವರ್ಸ್ ತಗೋ" ಅಂದರು. ಮುಖ ಕಾಣುತ್ತಿರಲಿಲ್ಲ, ಆದರೆ ನಗುತ್ತಿದ್ದದ್ದು ದನಿಯಲ್ಲೇ ಗೊತ್ತಾಯಿತು.